ಇಲ್ಲದ ಬಾಗಿಲಿನ ಮೋಜಣಿ

ಅವರ ಬಲಗೈಯ ಕಿರುಬೆರಳಿನ ಉಗುರು ಉಳಿದ ಒಂಬತ್ತು ಉಗುರುಗಳಿಗಿಂತ ಅರ್ಧ ಇಂಚು ಉದ್ದವಿತ್ತು. ಹಳದಿ ತಿರುಗಿ, ತುದಿಯಲ್ಲಿ ತುಸು ಬಾಗಿದ್ದ ಆ ಉಗುರನ್ನು ಅವರು ಕತ್ತರಿಸುತ್ತಲೇ ಇರಲಿಲ್ಲ. ನಕಾಶೆಯ ಮೇಲೆ ಬೆರಳಿಡಬಾರದು, ಬೆವರಿಗೆ ಗೆರೆ ಅಳಿಸುತ್ತದೆ, ಉಗುರಿಡಬೇಕು ಎನ್ನುವುದು ಅವರ ಕಾನೂನು. ಆ ಉಗುರು ನಮ್ಮ ಮನೆಯ ಟಿವಿಯ ಗಾಜಿನ ಮೇಲೆ ಟಕ್ ಎಂದು ಕುಟ್ಟುತ್ತಿತ್ತು. ಅದರ ಬೆನ್ನಿಗೇ ಪ್ರಶ್ನೆ ಬರುತ್ತಿತ್ತು: "ಇದರ ಆಚಿಕಡೆ ಏನ ಅದ?"

ನಾವು ಅವರನ್ನು ಮೋಜಣಿ ಅಜ್ಜ ಎನ್ನುತ್ತಿದ್ದೆವು. ಬೆಳಗಾವಿ ಜಿಲ್ಲೆಯಲ್ಲಿ ಸರ್ವೇ ಕೆಲಸದಲ್ಲಿದ್ದು, ಜೀವಮಾನವಿಡೀ ಇನ್ನೊಬ್ಬರ ಹೊಲ ಅಳೆದು, ಹದ್ದಿನ ಕಲ್ಲು ನೆಡಿಸಿ, ನಿವೃತ್ತರಾದ ಮೇಲೆ ಪುಣೆಗೆ ಮಗಳ ಮನೆಗೆ ಬಂದಿದ್ದರು. ಶಿವಾಜಿನಗರ ಸ್ಟೇಶನ್ನಿನ ಹಿಂದಿನ ಚಾಳದಲ್ಲಿ ಅವರದು ಕೆಳಗಿನ ಮನೆ, ನಮ್ಮದು ಮಾಳಿಗೆಯ ಮೇಲೆ. ಅಳೆಯುವ ಚಟ ಅವರನ್ನು ಬಿಟ್ಟಿರಲಿಲ್ಲ. ನಳದಿಂದ ತಮ್ಮ ಬಾಗಿಲಿಗೆ ನಲವತ್ತೊಂದು ಹೆಜ್ಜೆ, ಬಾಗಿಲಿನಿಂದ ಬಸ್ ಸ್ಟಾಪಿಗೆ ಆರುನೂರಾ ಹನ್ನೆರಡು ಎಂದು ಕೇಳದಿದ್ದರೂ ಹೇಳುತ್ತಿದ್ದರು. ಚಾಳದ ಮರಾಠಿ ಮಕ್ಕಳಿಗೆ ಅವರು 'ನಕಾಶಾ ಆಜೋಬಾ'.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ ರಜೆ ಅದು. ನನಗೆ ಹನ್ನೊಂದು ವರ್ಷ. ಅಪ್ಪ ಪಿಂಪರಿಯ ಕಾರ್ಖಾನೆಗೆ, ಅಮ್ಮ ವಿಮಾ ಕಚೇರಿಗೆ ಹೋದರೆಂದರೆ ಸಂಜೆಯವರೆಗೂ ಮನೆಯಲ್ಲಿ ನಾನೊಬ್ಬಳೇ. "ಯಾರ ಬಂದ್ರೂ ಬಾಗಲಾ ತಗೀಬ್ಯಾಡ. ಕೆಳಗಿನ ಅಜ್ಜಾರು ಬಂದ್ರ ಅಷ್ಟ ತಗಿ," ಎಂದು ಅಮ್ಮ ದಿನಾ ಹೇಳಿ ಹೋಗುತ್ತಿದ್ದಳು. ನನ್ನ ಬೇಸರ ಕಳೆಯಲೆಂದು ಅಪ್ಪ ಕ್ಯಾಂಪಿನ ಪೇಟೆಯಿಂದ ಟಿವಿಗೆ ಜೋಡಿಸಿ ಆಡುವ ವಿಡಿಯೋ ಗೇಮ್ ಪೆಟ್ಟಿಗೆಯನ್ನು ತಂದುಕೊಟ್ಟಿದ್ದರು. ಅದರ ಜೊತೆಗೆ ಬಂದ ಹಳದಿ ಕ್ಯಾಸೆಟ್ಟಿನ ಮೇಲಿದ್ದ ಹೆಸರು ಯಾವುದೋ ಓದಲಾಗದ ಲಿಪಿಯಲ್ಲಿತ್ತು. ನಾವು ಅದನ್ನು ಗವಿ ಆಟ ಎಂದೆವು.

ತಲೆಗೆ ದೀಪ ಕಟ್ಟಿಕೊಂಡ ಗಿಡ್ಡ ಮನುಷ್ಯನೊಬ್ಬ ಪಿಕಾಸಿ ಹಿಡಿದು ಗವಿಯೊಳಗೆ ಇಳಿಯುತ್ತಾನೆ. ಟಿವಿಯ ಒಂದು ಪರದೆಗೆ ಒಂದು ಕೋಣೆ. ಅದನ್ನು ದಾಟಿದರೆ ಇನ್ನೊಂದು. ಬಾವಲಿ ಹಾರಿಬರುತ್ತವೆ, ಕಲ್ಲು ಉರುಳುತ್ತವೆ, ಕಾಲು ತಪ್ಪಿದರೆ ಹಳ್ಳ. ಕೆಲವು ಗೋಡೆಗಳಿಗೆ ಪಿಕಾಸಿಯಿಂದ ಹೊಡೆದರೆ ಧಪ್ ಎಂದು ಕುಸಿದು ಒಳಗಿನ ಬಾಗಿಲು ಕಾಣುತ್ತಿತ್ತು. ಗಟ್ಟಿ ಗೋಡೆಯಾದರೆ ಬರೀ ಟಣ್. ಆಟವನ್ನು ನಡುವೆ ನಿಲ್ಲಿಸಿ ಕಾಯ್ದಿಡುವ ಸೌಕರ್ಯ ಅದರಲ್ಲಿರಲಿಲ್ಲ. ಸ್ವಿಚ್ ಆರಿತೋ, ಮತ್ತೆ ಮೊದಲ ಕೋಣೆ!

ಅಜ್ಜ ಒಂದು ಮಧ್ಯಾಹ್ನ ಪೇಪರ್ ಕೇಳಿಕೊಂಡು ಬಂದವರು ಬಾಗಿಲಲ್ಲೇ ನಿಂತು ಹತ್ತು ನಿಮಿಷ ಪರದೆ ನೋಡಿದರು.

"ಯಾರ ಜಮೀನಿದು?" ಎಂದು ಕೇಳಿದರು.

"ಯಾರದೂ ಅಲ್ಲ್ರೀ ಅಜ್ಜಾರ. ಆಟ."

"ಹದ್ದು ಎಲ್ಲಿಗಂತ ಅದ?"

"ಗೊತ್ತಿಲ್ಲರಿ."

"ಗೊತ್ತಿಲ್ಲಂದ್ರ? ದಿನಾ ಇದರಾಗ ಅಡ್ಡಾಡ್ತಿ, ಒಂದ ಸಲನೂ ಅಳದಿಲ್ಲೇನು?" ಅವರ ದನಿಯಲ್ಲಿ ನಿಜವಾದ ಗಾಬರಿಯಿತ್ತು. ನಾನು ಹಲ್ಲುಜ್ಜದೆ ಊಟಕ್ಕೆ ಕೂತವಳೋ ಎಂಬಂತೆ ನನ್ನನ್ನು ನೋಡಿದರು.

ಮರುದಿನ ಮಧ್ಯಾಹ್ನ ಚೌಕಳಿ ಹಾಳೆಗಳ ಸುರುಳಿ, ಸ್ಟೀಲಿನ ಅಳತೆಪಟ್ಟಿ, ಪೆನ್ಸಿಲ್, ಮಸಿಯ ಬಾಟಲಿ ಹಿಡಿದು ಹಾಜರಾದರು. ನಾನು ಆಡಬೇಕು, ಅವರು ಎಣಿಸಬೇಕು. ಆ ಗಿಡ್ಡ ಮನುಷ್ಯನ ಒಂದು ಹೆಜ್ಜೆಯೇ ಅವರ ಅಳತೆಗೋಲು. "ನಿಲ್ಲು. ಈಗ ಹೋಗು. ನಿಲ್ಲು. ಎಷ್ಟಾತು?" ಬಾವಲಿ ಬಂದು ಮೂಗಿಗೆ ತಾಗುವ ಹೊತ್ತಿನಲ್ಲೂ "ನಿಲ್ಲು" ಎಂದರೆ ನಿಲ್ಲಬೇಕು. ನಿಂತು ಸಾಯುತ್ತಿದ್ದೆ. "ಸತ್ತರ ಸಾಯಲಿ, ಲೆಕ್ಕ ತಪ್ಪಬಾರದು," ಎನ್ನುತ್ತಿದ್ದರು ಆ ಮಹಾನುಭಾವರು. ಕಣ್ಣಾರೆ ಕಂಡದ್ದನ್ನು ಮಸಿಯಲ್ಲಿ ಬರೆಯುವುದು, ಯಾರೋ ಹೇಳಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು ಅವರ ಪದ್ಧತಿ. ಪೆನ್ಸಿಲ್ಲಿನ ಗುರುತು ಒಂದೇ ಒಂದು ಉಳಿದಿದ್ದರೂ ನಕಾಶೆಗೆ ಸಹಿ ಹಾಕುವಂತಿಲ್ಲ. ಸರ್ವಿಸಿನಲ್ಲಿ ಅವರು ಸಹಿ ಹಾಕದೆ ಬಿಟ್ಟ ನಕಾಶೆ ಒಂದೂ ಇರಲಿಲ್ಲವಂತೆ. ಹೇಳುವಾಗ ಅಂಗಿಯ ಕಾಲರ್ ಸರಿಮಾಡಿಕೊಳ್ಳುತ್ತಿದ್ದರು.

ಆಟ ನಿಲ್ಲಿಸಿದರೆ ಎಲ್ಲ ಹೋಗುತ್ತದೆಂದು ಊಟದ ಹೊತ್ತಿನಲ್ಲೂ ಪೆಟ್ಟಿಗೆ ಆರಿಸುತ್ತಿರಲಿಲ್ಲ. ಅಡಾಪ್ಟರ್ ಕಾದು ವಾಸನೆ ಬಂದರೆ ಅಜ್ಜ ಬೀಸಣಿಕೆಯಿಂದ ಗಾಳಿ ಹಾಕುತ್ತಿದ್ದರು. ಆಫೀಸಿನಿಂದ ಬೇಗ ಬಂದ ಅಮ್ಮ ಒಮ್ಮೆ ಇದನ್ನು ನೋಡಿ, "ಅಜ್ಜಾರ, ನಿಮಗ ಫ್ಯಾನ್ ಹಚ್ಚಲ್ಯಾ?" ಎಂದಳು. "ನನಗ ಬ್ಯಾಡವಾ, ಇದಕ್ಕ ಹಚ್ಚು," ಎಂದು ಅಡಾಪ್ಟರ್ ತೋರಿಸಿದರು. ಗುರುವಾರ ಕರೆಂಟು ಹೋಗುವ ದಿನ. ಅಂದು ನಾವಿಬ್ಬರೂ ಸೂತಕದವರ ಹಾಗೆ ಸುಮ್ಮನೆ ಕುಳಿತಿರುತ್ತಿದ್ದೆವು.

ಇಪ್ಪತ್ತನೆಯ ಕೋಣೆಯ ಹತ್ತಿರ ದೊಡ್ಡ ಜಗಳವಾಯಿತು. ಗಿಡ್ಡ ಮನುಷ್ಯ ಪೂರ್ವಕ್ಕೆ ಹೋಗುತ್ತ ಹೋಗುತ್ತ, ನಾವು ಮೊದಲ ದಿನ ಅಳೆದ ಪಶ್ಚಿಮದ ಕೋಣೆಗೆ ಬಂದು ನಿಂತುಬಿಟ್ಟ. ಅಜ್ಜನ ಮುಖ ಕೆಂಪಾಯಿತು. "ಪೂರ್ವಕ್ಕ ಹ್ವಾದಾಂವ ಪಶ್ಚಿಮಕ್ಕ ಹೆಂಗ ಬರ್ತಾನ? ನೀ ಎಲ್ಲೋ ಎಣಿಕಿ ತಪ್ಪಿದಿ." ನಾನು ತಪ್ಪಿಲ್ಲ ಎಂದೆ. ಅವರು ತಪ್ಪಿದ್ದೀ ಎಂದರು. ಮೂರು ದಿನ ಮೊದಲಿಂದ ಅಳೆಸಿದರು. ಮೂರು ದಿನವೂ ಗಿಡ್ಡ ಮನುಷ್ಯ ಪಶ್ಚಿಮಕ್ಕೇ ಬಂದ. ನನಗೆ ಅಳು, ಅವರಿಗೆ ಸಿಟ್ಟು. ನಾಲ್ಕನೆಯ ದಿನ ಮಾಳಿಗೆಯ ಮೆಟ್ಟಿಲು ಹತ್ತುವಾಗಲೇ ನಗುತ್ತ ಬಂದರು. ಬಂದವರೇ ಹಾಳೆಯನ್ನು ಸುತ್ತಿ, ಎರಡೂ ಅಂಚು ಕೂಡಿಸಿ ನನ್ನ ಮುಖದ ಮುಂದೆ ಹಿಡಿದರು.

"ಹೊಲಾ ಅಲ್ಲವಾ ಇದು, ಬಳಿ! ಬಳಿ! ಇಷ್ಟ ವರ್ಷ ಹೊಲಾ ಅಳದು ಅಳದು ನನ್ನ ತಲಿ ಚಪ್ಪಟ ಆಗೇದ ನೋಡು."

ಅಷ್ಟು ದೊಡ್ಡವರು ಹನ್ನೊಂದು ವರ್ಷದ ಹುಡುಗಿಯ ಮುಂದೆ ತಪ್ಪೊಪ್ಪಿಕೊಂಡು ಕುಣಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೂ ಹೆಚ್ಚು ನೋಡಿಲ್ಲ.

ಮೇ ತಿಂಗಳ ಕೊನೆಗೆ ತೊಂಬತ್ತಾರು ಕೋಣೆಗಳೂ ಮಸಿಯಲ್ಲಿ ಮೂಡಿದವು. "ನಾಳಿಗೆ ಒಂದ ಸಲ ತಾಳೆ ನೋಡಿ ಸಹಿ ಹಾಕಿಬಿಡೂಣು. ಮುಗೀತು," ಎಂದರು ಅಜ್ಜ. ಅವರ ಮುಖದ ಮೇಲೆ ಹಬ್ಬದ ಕಳೆ. ಮುಗೀತು ಅಂದರೇನು? ನಾಳೆಯಿಂದ ಅಜ್ಜ ಬರುವುದಿಲ್ಲ. ಮತ್ತೆ ಬಾಗಿಲು ಹಾಕಿಕೊಂಡು ನಾನೊಬ್ಬಳೇ. ಮರುದಿನ ಅವರು ಬರುವಷ್ಟರಲ್ಲಿ ನನ್ನ ಸುಳ್ಳು ಸಿದ್ಧವಾಗಿತ್ತು.

"ಅಜ್ಜಾರ, ಮುಂಜಾನೆ ನಾ ಒಬ್ಬಾಕಿನ ಆಡ್ಲಿಕತ್ತಿದ್ದೆ. ನೀರು ಬೀಳೋ ಕೋಣಿ ದಾಟಿ ಮುಂದ ಎಲ್ಲೋ ಒಂದ ಗೋಡಿ ಒಡದು ಬಾಗಲಾ ತಗೀತು. ಒಳಗ ಹೋಗಬೇಕು ಅನ್ನೋದರಾಗ ಕರೆಂಟ ಹೋತು."

ಅಂದು ಗುರುವಾರವಾಗಿತ್ತು, ಹಾಗಾಗಿ ಸುಳ್ಳು ಚೆನ್ನಾಗಿ ಕೂತಿತು. "ಯಾವ ಗೋಡಿ?" ಎಂದರು. "ನೆನಪಿಲ್ಲರಿ," ಎಂದೆ. ನೀರಿನ ಕೋಣೆಯ ಮುಂದಿದ್ದ ಹನ್ನೊಂದು ಕೋಣೆಗಳ ಸುತ್ತ ಅವರು ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದರು. ಸಹಿ ನಿಂತಿತು. ಅವರ ಕಣ್ಣು ಮಾತ್ರ ಮಿನುಗಿದವು: "ಅಂದ್ರ ಇನ್ನೂ ಅದ ಅನ್ನು!"

ಅಲ್ಲಿಂದ ಮುಂದಿನ ದಿನಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ನೀರಿನ ಕೋಣೆ ಮುಟ್ಟಲು ಎರಡು ತಾಸು ಬೇಕು. ಮುಟ್ಟಿದ ಮೇಲೆ ನಾಲ್ಕು ಗೋಡೆ ಬಡಿಯುವಷ್ಟರಲ್ಲಿ ನಾನು ಬೇಕೆಂತಲೇ ಹಳ್ಳಕ್ಕೆ ಬೀಳುತ್ತಿದ್ದೆ. "ಇರ್ಲಿ ತಂಗಿ, ನಾಳಿ ನೋಡೂಣು," ಎನ್ನುತ್ತಿದ್ದರು ಅವರು. ಒಂದು ದಿನವೂ ಅನುಮಾನಪಡಲಿಲ್ಲ. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ, ಅವರು ಬಂದು ಚಾಪೆಯ ಮೇಲೆ ಕೂತರೆ ಬಾಯಿ ಬರುತ್ತಿರಲಿಲ್ಲ.

ಶಾಲೆ ಶುರುವಾಯಿತು. ಅದೇ ತಿಂಗಳು ಅವರ ಅಳಿಯನಿಗೆ ತಳೇಗಾಂವದ ಕಾರ್ಖಾನೆಯಲ್ಲಿ ಕೆಲಸವಾಗಿ ಮನೆಯವರೆಲ್ಲ ಅಲ್ಲಿಗೆ ಹೊರಟರು. ಟೆಂಪೋದಲ್ಲಿ ಸಾಮಾನಿನ ನಡುವೆ ನಕಾಶೆಯ ಸುರುಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ ಅಜ್ಜ ನನ್ನನ್ನು ಕರೆದು, "ಬಾಗಲಾ ಸಿಕ್ಕರ ಒಂದು ಕಾರ್ಡು ಹಾಕು. ಬಂದು ನೋಡಿ ಸಹಿ ಮಾಡ್ತೀನಿ," ಎಂದರು. ನಾನು ಹೂಂ ಎಂದೆ. ಎರಡು ತಿಂಗಳ ಮೇಲೆ ಅವರದೇ ಕಾರ್ಡು ಬಂತು. ಕ್ಷೇಮಸಮಾಚಾರದ ಕೆಳಗೆ ಒಂದೇ ಸಾಲು: ಬಾಗಿಲು ಸಿಕ್ಕಿತೇ? ದೀಪಾವಳಿಗೆ ಇನ್ನೊಂದು ಬಂತು. ಅದರಲ್ಲೂ ಅದೇ ಸಾಲು. ನಾನು ಎರಡಕ್ಕೂ ಉತ್ತರ ಬರೆಯಲಿಲ್ಲ. ಆಮೇಲೆ ಕಾರ್ಡು ಬರಲಿಲ್ಲ.

ಹನ್ನೆರಡು ವರ್ಷ ಕಳೆದವು. ನಾನು ಶಿವಾಜಿನಗರದಲ್ಲೇ ವಕೀಲರೊಬ್ಬರ ಆಫೀಸಿನಲ್ಲಿ ಟೈಪು ಮಾಡುವ ಕೆಲಸಕ್ಕೆ ಸೇರಿದ್ದೆ. ಬೆಳಗಿನಿಂದ ಸಂಜೆಯವರೆಗೆ ಯಾರ್ಯಾರೋ 'ಕಣ್ಣಾರೆ ಕಂಡೆ' ಎಂದು ಹೇಳುವುದನ್ನು ಟೈಪಿಸುವುದು, ಅದರಲ್ಲಿ ಅರ್ಧ ಬುರುಡೆ ಎಂದು ಮನಸ್ಸಿನಲ್ಲೇ ಬೈಯುವುದು ನನ್ನ ಉದ್ಯೋಗ. ಆಗ ನಮ್ಮ ವಯಸ್ಸಿನವರಿಗೆಲ್ಲ ಹಳೆಯದರ ಹುಚ್ಚು ಹತ್ತಿತ್ತು. ಒಬ್ಬಳು ರವಿವಾರ ಬೆಳಗಿನ ಟಿವಿ ಧಾರಾವಾಹಿಗಳ ಸಿಡಿ ಹುಡುಕಿದರೆ, ಇನ್ನೊಬ್ಬಳು ಚೂಯಿಂಗ್ ಗಮ್ಮಿನೊಂದಿಗೆ ಬರುತ್ತಿದ್ದ ಚಿತ್ರಗಳನ್ನು ಕೂಡಿಹಾಕುತ್ತಿದ್ದಳು. ಜೊತೆಗೆ ಕೆಲಸ ಮಾಡುವ ಗೆಳತಿ ಹಳೆ ಸಾಮಾನು ಮಾರುವ ಜುನಾ ಬಾಜಾರದಿಂದ ಒಂದು ಸಿಡಿ ತಂದಳು. ಅದರಲ್ಲಿ ಹಳೆಯ ವಿಡಿಯೋ ಗೇಮುಗಳು ನೂರಾರು. ಊಟದ ಬಿಡುವಿನಲ್ಲಿ ಅವಳ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ತೆರೆಯುತ್ತ ಹೋದೆ. ಇದ್ದಕ್ಕಿದ್ದ ಹಾಗೆ ಆ ಓದಲಾಗದ ಅಕ್ಷರಗಳು, ಹಿಂದೆಯೇ ನಾಲ್ಕು ಸ್ವರದ ಆ ಹಾಳು ಸಂಗೀತ.

ಆಡಿ ನೋಡಿದೆ. ಅಯ್ಯ, ಎಷ್ಟು ಸಣ್ಣದು! ಬಾವಲಿ ಎಂದು ನಾನು ಕಿರುಚುತ್ತಿದ್ದದ್ದು ಹದಿನೈದು ಇಪ್ಪತ್ತು ಕಪ್ಪು ಚುಕ್ಕೆಗಳು ಅಷ್ಟೇ. ಹಳ್ಳವೆಂದರೆ ಒಂದು ನೀಲಿ ಪಟ್ಟಿ. ಒಂದು ಇಡೀ ಬೇಸಿಗೆ ಇದರೊಳಗೆ ಹೇಗೆ ಹಿಡಿಸಿತ್ತು? ನನಗೆ ಮರೆತದ್ದು ಬೆರಳುಗಳಿಗೆ ನೆನಪಿತ್ತು, ಎಲ್ಲಿ ಹಾರಬೇಕು ಎಲ್ಲಿ ಬಗ್ಗಬೇಕು ಎಂದು ತಾವೇ ಆಡುತ್ತಿದ್ದವು. ಮೂರನೆಯ ದಿನ ನೀರು ಬೀಳುವ ಕೋಣೆಗೆ ಬಂದೆ. ಅಲ್ಲಿ ಕೈ ನಿಂತಿತು. ಮುಂದೆ ಹೋಗಲು ಧೈರ್ಯ ಬರಲಿಲ್ಲ. ಅಜ್ಜ ಇದ್ದಾರೋ ಇಲ್ಲವೋ, ಇದ್ದರೆ ಆ ನಕಾಶೆ ಇನ್ನೂ ಸಹಿಯಿಲ್ಲದೆ ಬಿದ್ದಿದೆಯೋ ಏನೋ. ಹೇಳಿಬಿಡಬೇಕು, ಅವರು ಹೋಗುವ ಮೊದಲು ಹೇಳಿಬಿಡಬೇಕು ಎಂದು ಅಂದೇ ಗಟ್ಟಿ ಮಾಡಿದೆ. ಅಮ್ಮ ಆ ಕಾರ್ಡುಗಳನ್ನು ಎಸೆದಿರಲಿಲ್ಲ, ವಿಳಾಸ ಸಿಕ್ಕಿತು.

ರವಿವಾರ ಗೆಳತಿಯ ಲ್ಯಾಪ್‌ಟಾಪ್ ಎರವಲು ತಂದು, ಲೋಕಲ್ ಹತ್ತಿ ತಳೇಗಾಂವಕ್ಕೆ ಹೋದೆ. ಬಾಗಿಲು ತೆಗೆದವರು ಅವರ ಮಗಳು, ನಾವು ಅಕ್ಕಾರ ಎನ್ನುತ್ತಿದ್ದವರು. ಕೂದಲು ಬೆಳ್ಳಗಾಗಿತ್ತು. ಗುರುತು ಹೇಳಿದಾಗ ತಬ್ಬಿಕೊಂಡು ಒಳಗೆ ಕರೆದೊಯ್ದರು. ಅಜ್ಜ ಕಿಟಕಿಯ ಪಕ್ಕ ಕುರ್ಚಿಯಲ್ಲಿದ್ದರು. ಒಂದು ಕಣ್ಣು ಹೋಗಿತ್ತು, ಇನ್ನೊಂದು ಹೋಗುವುದರಲ್ಲಿತ್ತು. "ಅಪ್ಪಾ, ಶಿವಾಜಿನಗರದಾಗ ಮಾಳಗಿ ಮ್ಯಾಲಿದ್ದ ಹುಡುಗಿ ಬಂದಾಳ ನೋಡ್ರಿ," ಎಂದರು ಅಕ್ಕಾರು. ಅಜ್ಜ ತಲೆಯೆತ್ತಿದರು. ಹೇಗಿದ್ದಿ, ಏನು ಕೆಲಸ, ಮದುವೆ ಆಯಿತೇ, ಒಂದೂ ಕೇಳಲಿಲ್ಲ.

"ಬಾಗಲಾ ಸಿಕ್ತೇನು?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾದವು. "ಅಜ್ಜಾರ, ಬಾಗಲಾ ಇಲ್ಲರಿ. ನಾ ಸುಳ್ಳ ಹೇಳಿದ್ದೆ. ನಕಾಶಿ ಮುಗದ್ರ ನೀವು ಬರೂದ ಬಿಡ್ತೀರಿ ಅಂತ ಹೇಳಿದ್ದೆ," ಎಂದು ಒಂದೇ ಉಸಿರಿಗೆ ಅಂದೆ.

ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು. ಆಮೇಲೆ ಮೆಲ್ಲಗೆ, "ಎರಡ ಕಾರ್ಡು ಹಾಕಿದೆನಲ್ಲವಾ. ಒಂದಕ್ಕರೆ ಬರೀಬೇಕಿತ್ತು," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನಾನು ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ. ಅಕ್ಕಾರು ನೀರು ತಂದುಕೊಟ್ಟರು. ನಾನು ಮೂಗು ಒರೆಸಿಕೊಳ್ಳುವುದನ್ನೇ ಕಾಯುತ್ತಿದ್ದವರಂತೆ ಅಜ್ಜ ಕೇಳಿದರು:

"ಇಲ್ಲ ಅಂತಿಯಲ್ಲ, ನೋಡಿದ್ದೇನು?"

"ಏನ್ರೀ?"

"ಆಗ ಅದ ಅಂದಿ. ಈಗ ಇಲ್ಲ ಅಂತಿ. ಎರಡೂ ಬಾಯಿಮಾತು. ಹನ್ನೊಂದೂ ಕೋಣಿ ಗೋಡಿ ಬಡದು ನೋಡಿದ್ದೇನು?"

"ಇಲ್ಲರಿ. ಆದ್ರ ನಾನ ಹುಟ್ಟಿಸಿ ಹೇಳಿದ್ದಲ್ಲರಿ ಅದು?"

"ನೀ ಹುಟ್ಟಿಸಿ ಹೇಳಿದಿ ಅಂತ ಅಲ್ಲಿ ಇರಬಾರದು ಅಂತ ಏನ ಅದ? ಗವಿ ನಿನ್ನ ಕೇಳಿ ಕಟ್ಯಾರೇನು?" ಅವರ ದನಿಗೆ ಹಳೆಯ ಬಿಸಿ ಬಂದಿತ್ತು. "ತಗಿ ನಿನ್ನ ಪೆಟಗಿ. ಹಳೇ ಮೋಜಣಿ ರದ್ದು. ಆ ಹನ್ನೊಂದೂ ಕೋಣಿ ಮೊದಲಿಂದ ನೋಡೂಣು."

ಹೀಗೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ನಾನು ಮತ್ತೆ ಗವಿಗೆ ಇಳಿದೆ. ಅಕ್ಕಾರು ಕಪಾಟಿನಿಂದ ನಕಾಶೆ ತೆಗೆದು ನೆಲದ ಮೇಲೆ ಹಾಸಿದರು. ಈ ಸಲ ನಾನೇ ಆಡಬೇಕು, ನಾನೇ ಗುರುತು ಹಾಕಬೇಕು. ಪರದೆ ಅವರಿಗೆ ಕಾಣುತ್ತಿರಲಿಲ್ಲ. ಕಿವಿ ಮುಂದೆ ಮಾಡಿ ಕೂರುತ್ತಿದ್ದರು. ಟಣ್ ಎಂದರೆ "ಗಟ್ಟಿ ಅದ, ಮುಂದ," ಎನ್ನುತ್ತಿದ್ದರು. ಸದ್ದು ಸರಿಯಾಗಿ ಕೇಳದಿದ್ದರೆ "ಇನ್ನೊಮ್ಮೆ ಹೊಡಿ." ಲ್ಯಾಪ್‌ಟಾಪಿನಲ್ಲಿ ಆಟವನ್ನು ನಿಂತಲ್ಲೇ ಕಾಯ್ದಿಡಬಹುದು ಎಂದು ತಿಳಿದಾಗ ಅವರಿಗಾದ ಸಂತೋಷ ಹೇಳತೀರದು. "ಆರಿಸಿದ್ರೂ ಅಲ್ಲೇ ನಿಂತಿರ್ತಾನ? ಊಟಾ ನೀರು ಇಲ್ಲದ? ಭೇಷ್!" ಎಂದು ಗಿಡ್ಡ ಮನುಷ್ಯನನ್ನು ಮೆಚ್ಚಿಕೊಂಡರು.

ಒಂದು ರವಿವಾರಕ್ಕೆ ಎರಡು ಕೋಣೆ. ಎತ್ತರದ ಗೋಡೆಗಳಿದ್ದ ದಿನ ಒಂದೇ. ನಡುನಡುವೆ ಅವರಿಗೆ ನನ್ನ ಸುಳ್ಳಿನ ಮೇಲೂ ಕುತೂಹಲ. "ಅಲ್ಲ ತಂಗಿ, ಎಲ್ಲಾ ಬಿಟ್ಟು ನೀರಿನ ಕೋಣಿ ಮುಂದ ಯಾಕ ಇಟ್ಟಿ ಆ ಬಾಗಲಾ?" ಎಂದು ಕೇಳಿದರು. "ಅಲ್ಲಿಗೆ ಮುಟ್ಲಿಕ್ಕೆ ಭಾಳ ಹೊತ್ತು ಬೇಕಿತ್ತಲ್ಲರಿ," ಎಂದೆ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶಾಣ್ಯಾ ಅದಿ! ನಮ್ಮ ಇಲಾಖೆಗೆ ಬರಬೇಕಿತ್ತು ನೀ." ಅಂದು ರೈಲಿನಲ್ಲಿ ಮರಳುವಾಗ ಎಷ್ಟೋ ವರ್ಷಗಳಿಂದ ಎದೆಯ ಮೇಲಿದ್ದ ಭಾರ ಇಳಿದಂತಾಗಿ, ಕಿಟಕಿಯ ಪಕ್ಕ ಕೂತು ಸುಮ್ಮನೆ ನಗುತ್ತ ಬಂದೆ.

ನಾಲ್ಕು ರವಿವಾರಗಳಲ್ಲಿ ಏಳು ಕೋಣೆ ಮುಗಿದವು. ಬಾಗಿಲು ಸಿಗಲಿಲ್ಲ. ಐದನೆಯ ರವಿವಾರಕ್ಕೆ ಮೂರು ದಿನವಿರುವಾಗ ಆಫೀಸಿಗೆ ಅಕ್ಕಾರ ಫೋನು ಬಂತು. ಬೆಳಿಗ್ಗೆ ಚಹಾ ಕುಡಿದು ಕಪ್ಪು ಕೆಳಗಿಟ್ಟವರು ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರು. ನಾನು ತಳೇಗಾಂವ ಮುಟ್ಟುವಷ್ಟರಲ್ಲಿ ಅವರನ್ನು ಅಂಗಳದಲ್ಲಿ ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಹದಿಮೂರು ದಿನ ಕಳೆದ ಮೇಲೆ ಅಕ್ಕಾರನ್ನು ಮಾತಾಡಿಸಲು ಹೋದೆ. ಲ್ಯಾಪ್‌ಟಾಪ್ ಒಯ್ದಿರಲಿಲ್ಲ. ಸಾವಿನ ಮನೆಗೆ ಆಟ ಒಯ್ಯುವುದೇ ಎಂದು ನನ್ನ ಅಂಜಿಕೆ. ಅಕ್ಕಾರು ನನ್ನ ಬರಿಗೈ ನೋಡಿ, "ಪೆಟಗಿ ಎಲ್ಲೆದ?" ಎಂದರು.

"ತಂದಿಲ್ಲರಿ ಅಕ್ಕಾರ."

"ಅಪ್ಪಾರು ಹೋಗೂ ಹಿಂದಿನ ದಿನಾನ ಹೇಳಿದ್ರು. ಆಕಿ ರವಿವಾರ ಬರ್ತಾಳ, ಇನ್ನ ನಾಕು ಕೋಣಿ ಉಳದಾವ, ಚಹಾ ಮಾಡಿಕೊಡು ಅಂತ. ನೀ ಹಿಂಗ ಬಿಟ್ಟರ ಹೆಂಗ?"

ಮುಂದಿನ ರವಿವಾರ ಒಯ್ದೆ. ಕಿಟಕಿಯ ಪಕ್ಕ, ಅವರ ಕುರ್ಚಿ ಇರುತ್ತಿದ್ದಲ್ಲಿ ನೆಲದ ಮೇಲೆ ಕೂತು ನಾಲ್ಕೂ ಕೋಣೆಗಳನ್ನು ಅಂದೇ ನೋಡಿದೆ. ಒಂದೂ ಗೋಡೆ ಬಿಡಲಿಲ್ಲ. ಟಣ್. ಟಣ್. ಪ್ರತಿ ಸದ್ದಿಗೂ "ಮುಂದ" ಎನ್ನುವ ದನಿಗಾಗಿ ಒಂದು ಕ್ಷಣ ನಿಲ್ಲುತ್ತಿದ್ದೆ. ಕೊನೆಯ ಕೋಣೆಗೆ ಬಂದೆ. ಆಗ ನನಗೆ ತಿಳಿಯಿತು, ಈ ಗೋಡೆ ಒಡೆಯಲಿ ಎಂದು ನಾನು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಒಡೆದುಬಿಟ್ಟರೆ ನಾನು ಸುಳ್ಳು ಹೇಳಿದಂತಾಗುವುದಿಲ್ಲ. ಅವರು ಬರೆದ ಎರಡು ಕಾರ್ಡುಗಳಿಗೂ ಉತ್ತರ ಸಿಕ್ಕಂತಾಗುತ್ತದೆ. ನಾನೇ ಹುಟ್ಟಿಸಿದ ಬಾಗಿಲನ್ನು ನಾನೇ ಅಷ್ಟು ಆಸೆಯಿಂದ ಬಡಿದೆ. ಉಳಿದದ್ದು ಮೂರು ಗೋಡೆ. ಎರಡು. ಒಂದು.

ಟಣ್.

ಇನ್ನೊಮ್ಮೆ ಹೊಡೆದೆ. ಅದೇ ಸದ್ದು. ಪರದೆ ಮಸುಕಾಯಿತು, ಕಣ್ಣೊರೆಸಿಕೊಂಡೆ. ಚಹಾ ತಂದ ಅಕ್ಕಾರು ನನ್ನ ಮುಖ ನೋಡಿ, ಕಪ್ಪು-ಬಸಿಯನ್ನು ನೆಲದ ಮೇಲಿಟ್ಟು ಪಕ್ಕದಲ್ಲೇ ಕೂತರು.

"ಇತ್ತೇನವಾ?"

"ಇಲ್ಲರಿ ಅಕ್ಕಾರ," ಎಂದೆ. "ಎಲ್ಲಾ ನೋಡಿದೆ. ಇಲ್ಲ."